ಬಣ್ಣಪ್ಪನವರು ಗುಲಾಬಿಗೆ ಪ್ರಿಂಟು ಹಾಕಿಸಿದ್ದು

"ಫೋಟೋ ತೆಗೆಯೋದು ನಾನು, ಪ್ರಿಂಟು ಹಾಕಿಸೋದು ನಾನು, ಬಣ್ಣ ನೋಡೋದು ನಾನು! ಈ ಮೂರರಲ್ಲಿ ಒಂದಕ್ಕೂ ನೀನು ಕೈ ಹಾಕಕೂಡದು. ಹಾಕಿದರೆ ಮುಂದಿನದಕ್ಕೆ ನಾನು ಜವಾಬ್ದಾರನಲ್ಲ!"

ಸೋಮವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ಬಣ್ಣಪ್ಪನವರು ಹೆಂಡತಿಯ ಮುಂದೆ ಈ ಶಪಥ ಮಾಡಿದರು. ಬಾಯಿ ತುಂಬಾ ನೊರೆ ಇದ್ದದ್ದರಿಂದ ಶಪಥದ ಅರ್ಧ ಭಾಗ ಕನ್ನಡಿಗೆ ಹೋಯಿತು. ಉಳಿದರ್ಧ ಹೆಂಡತಿಗೆ ಸ್ಪಷ್ಟವಾಗಿಯೇ ಕೇಳಿಸಿತು. ಆಕೆ ಆಗಲೇ ಬೇಡ ಎಂದು ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಲಿಲ್ಲ. ಆ ಒಂದು ತಪ್ಪಿಗೆ ಇಡೀ ವಾರ ಹಲ್ಲು ಕಡಿದಳು.

ಬಣ್ಣಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬಿಸ್ಕತ್ತಿನ ಕಾರ್ಖಾನೆಯವರು ಇಟ್ಟದ್ದು. ಒಲೆಯಿಂದ ಹೊರಬಂದ ಬಿಸ್ಕತ್ತುಗಳು ಬೆಲ್ಟಿನ ಮೇಲೆ ಸಾಲಾಗಿ ಮೆರವಣಿಗೆ ಹೋಗುವಾಗ ಪಕ್ಕದಲ್ಲಿ ನಿಂತು, ಬೆಂದದ್ದು ಯಾವುದು, ಸೀದದ್ದು ಯಾವುದು, ಹಸಿಯಾಗಿರುವುದು ಯಾವುದು ಎಂದು ಬಣ್ಣದಿಂದಲೇ ಹೇಳುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೊಂದೇ ಕೆಲಸ! ಕಂದು ಬಣ್ಣದಲ್ಲಿ ಹದಿನಾಲ್ಕು ಛಾಯೆಗಳಿವೆ, ಐದರಿಂದ ಒಂಬತ್ತರವರೆಗಿನದು ಮಾತ್ರ ಮನುಷ್ಯರು ತಿನ್ನಲು ಯೋಗ್ಯ ಎಂಬುದು ಅವರು ಜಗತ್ತಿಗೆ ಕೊಟ್ಟ ಜ್ಞಾನ. ಮನೆಯಲ್ಲೂ ಅದೇ ಲೆಕ್ಕ. "ಟೀ ಇವತ್ತು ನಾಲ್ಕಿದೆ, ಏಳಕ್ಕೆ ತಾ" ಎನ್ನುತ್ತಾರೆ. "ನನ್ನ ಹನ್ನೊಂದನೇ ನಂಬರಿನ ಬೂಟು ಎಲ್ಲಿ?" ಎನ್ನುತ್ತಾರೆ. ಬೂಟಿನ ಅಳತೆ ಎಂಟು. ಬಣ್ಣ ಹನ್ನೊಂದು. ಅಂಗಡಿಯವನಿಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ಹೆಂಡತಿಗೆ ಸಾಕುಸಾಕಾಗಿತ್ತು.

ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನಕ್ಕೆ ನಲವತ್ತು ಜನರ ಮೂಳೆ ನೋಡಿ ಮನೆಗೆ ಬಂದು, ಕಾಂಪೌಂಡಿನ ಪಕ್ಕ ಗುಲಾಬಿ ಬೆಳೆಸುವುದು ಆಕೆಯ ಪ್ರಾಣ. ಸುಮ್ಮನೆ ಗಿಡ ತಂದು ನೆಟ್ಟು ನೀರು ಹಾಕುವ ಜಾತಿಯ ಬೆಳೆಸುವಿಕೆ ಅಲ್ಲ. ಒಂದು ಹೂವಿನ ಪರಾಗವನ್ನು ಕುಂಚದಲ್ಲಿ ತೆಗೆದು ಇನ್ನೊಂದಕ್ಕೆ ಹಚ್ಚಿ, ಕಾಗದದ ಚೀಲ ಕಟ್ಟಿ, ಬೀಜವಾದ ಮೇಲೆ ಬಿತ್ತಿ, ಮೊಳೆತದ್ದರಲ್ಲಿ ಬಹುಪಾಲನ್ನು ಕಣ್ಣು ಮುಚ್ಚಿ ಕಿತ್ತೆಸೆದು, ಹೀಗೆ ಏಳು ವರ್ಷ! ಏಳನೇ ವರ್ಷದ ಈ ಸೋಮವಾರ ಒಂದು ಗಿಡ ಒಂದೇ ಒಂದು ಹೂವು ಬಿಟ್ಟಿತು. ಜೇನುತುಪ್ಪಕ್ಕೆ ಒಂದು ತೊಟ್ಟು ನೇರಳೆ ಹಣ್ಣಿನ ರಸ ಬಿದ್ದರೆ ಹೇಗಿರುತ್ತದೋ ಹಾಗಿತ್ತು ಅದರ ಬಣ್ಣ. ಆಕೆ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅತ್ತಳು.

ಅಳು ಮುಗಿಸಿ ಎದ್ದವಳಿಗೆ ಚಿಂತೆ ಶುರುವಾಯಿತು. ಗುಲಾಬಿ ಬೆಳೆಗಾರರ ಸಂಘದಲ್ಲಿ ಒಂದು ದಪ್ಪ ಪುಸ್ತಕವಿದೆ. ಹೊಸ ತಳಿಯನ್ನು ಮೊದಲು ಬೆಳೆಸಿದವರು ಯಾರು ಎಂದು ದಾಖಲಾಗುವುದು ಅದರಲ್ಲಿ. ಅರ್ಜಿಯ ಜೊತೆ ಲ್ಯಾಬಿನಲ್ಲಿ ಹಾಕಿಸಿದ ಎರಡು ಫೋಟೋ ಪ್ರಿಂಟು ಕೊಡಬೇಕು. ಪ್ರಿಂಟಿನಲ್ಲಿ ಹೂವಿನ ಬಣ್ಣ ಹೇಗಿದೆಯೋ ಹಾಗೇ ಬಂದಿರಬೇಕು, ಕಣ್ಣಾರೆ ಕಂಡ ಒಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ಶನಿವಾರ ಸಂಜೆ ಐದಕ್ಕೆ ಪುಸ್ತಕ ಮುಚ್ಚಿದರೆ ಮತ್ತೆ ತೆರೆಯುವುದು ಒಂದು ವರ್ಷದ ಮೇಲೆ. ಸಾಲದ್ದಕ್ಕೆ ಊರಿನ ಆ ತುದಿಯ ಹಲ್ಲಿನ ಡಾಕ್ಟರ ತೋಟದಲ್ಲೂ ಇಂಥದ್ದೇ ಬಣ್ಣದ ಮೊಗ್ಗು ಇದೆಯೆಂಬ ಸುದ್ದಿ. ಅವರದು ಮೊದಲು ಪುಸ್ತಕ ಸೇರಿದರೆ ಆಕೆಯ ಏಳು ವರ್ಷದ ಗುಲಾಬಿ ಅವರದರ ನಕಲು ಎನಿಸಿಕೊಳ್ಳುತ್ತದೆ. ಹೂವಾದರೋ ನಾಲ್ಕು ದಿನ ಇದ್ದರೆ ಹೆಚ್ಚು.

ಇಷ್ಟು ದೊಡ್ಡ ಜವಾಬ್ದಾರಿಯನ್ನು ಬಿಸ್ಕತ್ತಿನ ಬಣ್ಣ ನೋಡುವ ಗಂಡನ ಕೈಗೆ ಯಾರಾದರೂ ಕೊಡುತ್ತಾರೆಯೇ? ಆಕೆ ಕೊಡಲಿಲ್ಲ, ಅವರೇ ಕಿತ್ತುಕೊಂಡರು.

"ರೀ, ಆಸ್ಪತ್ರೆಯಿಂದ ಬರ್ತಾ ನಾನೇ ಹಾಕಿಸ್ಕೊಂಡು ಬರ್ತೀನಿ" ಎಂದಳು.

"ನೀನಾ? ಜನರ ಮೂಳೆಯನ್ನ ಕಪ್ಪು ಬಿಳುಪಿನಲ್ಲಿ ತೆಗೆಯೋಳು ನೀನು! ಬಣ್ಣದ ವಿಷಯ ನಿನಗೇನು ಗೊತ್ತು? ಈ ಪ್ರಿಂಟು ಹಾಕೋ ಲ್ಯಾಬಿನವರನ್ನ ಹಿಡಿತದಲ್ಲಿ ಇಡಬೇಕು ಕಣೇ. ಇಲ್ಲದಿದ್ರೆ ತಲೆ ಮೇಲೆ ಕೂರ್ತಾರೆ."

ಫೋಟೋ ತೆಗೆದರು. ಸತ್ಯ ಹೇಳಬೇಕು, ಫೋಟೋ ಚೆನ್ನಾಗಿಯೇ ಬಂತು. ಬೆಳಗಿನ ಹದವಾದ ಬೆಳಕಿನಲ್ಲಿ ಇಡೀ ಚೌಕಟ್ಟು ತುಂಬುವಂತೆ ಹೂವೊಂದನ್ನೇ ತೆಗೆದು, ಕಾರ್ಖಾನೆಗೆ ಹೋಗುವ ದಾರಿಯ ಲ್ಯಾಬಿನಲ್ಲಿ ಕೊಟ್ಟರು. ಸಂಜೆ ಪ್ರಿಂಟು ಮನೆಗೆ ಬಂತು. ಊಟದ ಮೇಜಿನ ಮೇಲೆ ಲಕೋಟೆ ಬಿಚ್ಚಿದರು. ಇಬ್ಬರೂ ಒಟ್ಟಿಗೆ ಬಗ್ಗಿದರು.

"ಇದು ಗುಲಾಬಿನಾ, ಮಕ್ಕಳಿಗೆ ಹಚ್ಚೋ ಸೋಪಾ?" ಎಂದಳು ಹೆಂಡತಿ.

ಜೇನೂ ಇಲ್ಲ, ನೇರಳೆಯೂ ಇಲ್ಲ. ಬೆಪ್ಪುಬೆಪ್ಪಾದ ತೆಳು ಗುಲಾಬಿ ಬಣ್ಣ. ಬಣ್ಣಪ್ಪನವರು ಕೆಂಡಾಮಂಡಲವಾದರು. ಕುರ್ಚಿ ಹಿಂದಕ್ಕೆ ಬಿತ್ತು. "ನಮ್ಮ ಹೂವಿಗೆ ಈ ಅವಮಾನ! ನೋಡ್ತಿರು, ನಾಳೆ ಆ ಲ್ಯಾಬು ಇರಬೇಕು, ಇಲ್ಲಾ ನಾನಿರಬೇಕು!" ಎಂದು ಗುಡುಗಿದರು. ಒಂದು ಮಾತು ಒಪ್ಪಬೇಕು. ಈ ಮೊದಲ ಕೋಪ ನ್ಯಾಯವಾದದ್ದು. ಬಣ್ಣಪ್ಪನವರ ಇಡೀ ವಾರದ ಕೋಪಗಳಲ್ಲಿ ನ್ಯಾಯವಾದದ್ದು ಅದೊಂದೇ.

ಮಂಗಳವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತರು. ಲ್ಯಾಬು ನಡೆಸುವಾಕೆ ಐವತ್ತರ ಆಸುಪಾಸಿನ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡ, ಮಾತು ಕಡಿಮೆಯ ಹೆಂಗಸು. ಅಂಗಡಿಯಲ್ಲಿ ಆಕೆಯೊಬ್ಬಳೇ. ಪ್ರಿಂಟನ್ನು ಕೌಂಟರಿನ ಮೇಲೆ ಚಪ್ಪನೆ ಬಡಿದು ಬಣ್ಣಪ್ಪನವರು ಆರಂಭಿಸಿದ ಭಾಷಣ ರಸ್ತೆಯ ಆಚೆ ಬದಿಯ ದರ್ಜಿಗೂ ಕೇಳಿಸಿತು.

ಆಕೆ ಪೂರ್ತಿ ಕೇಳಿಸಿಕೊಂಡಳು. "ಮೆಷಿನ್ನಿಗೆ ಅತಿಬುದ್ಧಿ ಸಾರ್. ಫೋಟೋ ತುಂಬಾ ಒಂದೇ ಬಣ್ಣ ಕಂಡ್ರೆ, ಇದೇನೋ ತಪ್ಪಾಗಿದೆ ಅಂದ್ಕೊಂಡು ತಾನೇ ತಿದ್ದಿಬಿಡುತ್ತೆ. ನಾನು ನೋಡಿ ನಿಲ್ಲಿಸಬೇಕಿತ್ತು. ನನ್ನದೇ ತಪ್ಪು. ತಿದ್ದೋದನ್ನ ನಿಲ್ಲಿಸಿ ಇನ್ನೊಂದು ಹಾಕಿಕೊಡ್ತೀನಿ, ನಾಳೆ ಬೆಳಿಗ್ಗೆ ಬನ್ನಿ" ಎಂದಳು.

ತಪ್ಪೊಪ್ಪಿಕೊಂಡಳು! ಅಲ್ಲಿಗೆ ಕೆಟ್ಟಿತು. ಎದುರಿನವರು ತಪ್ಪೊಪ್ಪಿಕೊಂಡರೆ ಸುಮ್ಮನಾಗುವ ಜನ ಒಂದು ಬಗೆ, ಇನ್ನಷ್ಟು ಏರಿ ಬರುವವರು ಇನ್ನೊಂದು ಬಗೆ. ಬಣ್ಣಪ್ಪನವರು ಎರಡನೇ ಬಗೆಯವರ ನಾಯಕರು. ಕಾರ್ಖಾನೆಗೆ ಹೋಗುವ ದಾರಿಯುದ್ದಕ್ಕೂ ಎದೆ ಉಬ್ಬಿಸಿಕೊಂಡು ನಡೆದರು. ಇನ್ನು ಮುಂದೆ ಈ ಲ್ಯಾಬಿನ ಯಾವ ಪ್ರಿಂಟನ್ನೂ ಮನೆಯ ಮೇಜಿನ ಮೇಲೆ, ಅಂಗಡಿಯ ಕೌಂಟರಿನ ಮೇಲೆ, ಸಿಕ್ಕಸಿಕ್ಕ ಬೆಳಕಿನಲ್ಲಿ ನೋಡುವುದಿಲ್ಲ, ಎಲ್ಲಿ ನೋಡಬೇಕೋ ಅಲ್ಲೇ ನೋಡುತ್ತೇನೆ ಎಂದು ತೀರ್ಮಾನಿಸಿದರು. ಎಲ್ಲಿ? ಬಿಸ್ಕತ್ತಿನ ಬೆಲ್ಟಿನ ಪಕ್ಕ, ಅವರ ಮೇಜಿನ ಮೇಲೆ ತೂಗುವ ದೀಪದ ಕೆಳಗೆ! ಇಪ್ಪತ್ತೆರಡು ವರ್ಷ ಅವರು ಬಣ್ಣದ ತೀರ್ಪು ಕೊಟ್ಟ ಪೀಠ ಅದು. ಅಲ್ಲಿ ನೋಡದ ಬಣ್ಣ ಅವರ ಪಾಲಿಗೆ ಬಣ್ಣವೇ ಅಲ್ಲ.

ಬುಧವಾರ ಲ್ಯಾಬಿನಾಕೆ ಲಕೋಟೆ ಮುಂದೆ ಇಟ್ಟು, "ಬಿಚ್ಚಿ ನೋಡಿ ಸಾರ್, ಈ ಸಲ ಸರಿಯಾಗಿ ಬಂದಿದೆ. ಬಾಗಿಲ ಹತ್ತಿರ ಬೆಳಕು ಚೆನ್ನಾಗಿದೆ" ಎಂದಳು.

"ಬಾಗಿಲಲ್ಲಿ ನಿಂತು ನೋಡೋದು ಅನುಭವ ಇಲ್ಲದವರ ಕೆಲಸ. ನನಗೆ ಹೇಳಿಕೊಡೋಕೆ ಬರಬೇಡಿ!" ಎಂದು ಲಕೋಟೆ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು.

ಹತ್ತು ಗಂಟೆಗೆ ದೀಪದ ಕೆಳಗೆ ಲಕೋಟೆ ಬಿಚ್ಚಿದರು. ನೋಡಿದರು. ಮೂಗು ಮೇಲೇರಿತು. ಹಳದಿ! ಕಂದು! ಎಂಟನೇ ನಂಬರಿನ ಬಿಸ್ಕತ್ತಿನ ಹಾಗೆ ಹದವಾಗಿ ಬೆಂದ ಗುಲಾಬಿ! "ಅಯ್ಯೋ ಪಾಪಿಗಳಾ, ಹೂವನ್ನ ಒಲೆಗೆ ಹಾಕಿದ್ರಲ್ಲೋ!" ಎಂದು ಕೂಗಿದ್ದಕ್ಕೆ ಬೆಲ್ಟಿನ ಹತ್ತಿರ ಇದ್ದವರೆಲ್ಲ ಒಲೆಗೆ ಏನೋ ಬಿತ್ತೆಂದು ಓಡಿ ಬಂದರು. ಪ್ರಿಂಟಿನ ಬೆನ್ನಿಗೆ ಕೆಂಪು ಪೆನ್ನಿನಲ್ಲಿ 'ಹಳದಿ ಜಾಸ್ತಿ. ತಿರಸ್ಕೃತ' ಎಂದು ಬರೆದು, ಸಂಜೆ ಹೋಗುವಾಗ ಲ್ಯಾಬಿನ ಕೌಂಟರಿನ ಮೇಲೆ ಎಸೆದರು. ಆಕೆ ಪ್ರಿಂಟನ್ನು ನೋಡಿದಳು, ಇವರನ್ನು ನೋಡಿದಳು.

"ಸಾರ್, ಇದು ಹೂವಿನ ಬಣ್ಣಾನೇ."

"ಹೂವು ಯಾರ ಮನೇದು?"

"ನಿಮ್ಮ ಮನೇದು."

"ಹಾಗಾದ್ರೆ ಬಾಯಿ ಮುಚ್ಚಿಕೊಂಡು ಹಳದಿ ಕಮ್ಮಿ ಮಾಡಿ!"

ಇದನ್ನು ಬರೆಯುವಾಗಲೂ ಕೈ ಉರಿಯುತ್ತದೆ. ಒಬ್ಬ ಕೆಲಸದ ಹೆಂಗಸು ತನ್ನ ಕೆಲಸದ ಬಗ್ಗೆ ನಿಜ ಹೇಳಿದರೆ ಬಾಯಿ ಮುಚ್ಚಿಕೊ ಎನ್ನುವ ಇಂಥವರನ್ನು ಏನು ಮಾಡಬೇಕು ನೀವೇ ಹೇಳಿ! ಆಕೆ ಹಳದಿ ಕಮ್ಮಿ ಮಾಡಿದಳು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಎಲ್ಲಿ ಪ್ರಿಂಟು?"

"ತಿರಸ್ಕರಿಸಿದೆ."

"ನನಗೆ ತೋರಿಸದೇನೇ? ಹೂವು ನೋಡಿದ್ರಾ, ಅಂಚಿನ ಎಸಳು ಬಾಡ್ತಾ ಇದೆ. ಒಂದೆಸಳು ಕೊಡ್ತೀನಿ ತಗೊಂಡು ಹೋಗಿ, ಪ್ರಿಂಟಿನ ಪಕ್ಕ ಇಟ್ಟು ನೋಡಿ."

"ಎಸಳು ಯಾಕೆ? ಬಣ್ಣ ಇಲ್ಲಿದೆ!" ಎಂದು ಬಣ್ಣಪ್ಪನವರು ತಮ್ಮ ಹಣೆ ತಟ್ಟಿಕೊಂಡರು. "ಇಪ್ಪತ್ತೆರಡು ವರ್ಷ ತುಂಬಿಸಿಟ್ಟ ತಲೆ. ಕೊನೇ ಪ್ರಿಂಟು ಬರೋವರೆಗೆ ನೀನು ನೋಡಕೂಡದು. ನೋಡಿದ್ರೆ ನಿನ್ನ ಅಭಿಪ್ರಾಯ ನನ್ನ ಕಣ್ಣು ಕೆಡಿಸುತ್ತೆ."

ಆಕೆ ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆದಳು. ಆ ಮನೆಯಲ್ಲಿ ಪಾತ್ರೆಯ ಸದ್ದು ಕೇಳಿದರೆ ಸಾಕು, ಕೋಪ ಎಷ್ಟಿದೆ ಎಂದು ತಿಳಿಯುತ್ತದೆ. ಅಂದು ಒಂದು ಲೋಟ ಸೊಟ್ಟಗಾಯಿತು.

ಗುರುವಾರದ ಪ್ರಿಂಟು ದೀಪದ ಕೆಳಗೆ ಹೋಯಿತು. 'ಇನ್ನೂ ಹಳದಿ. ತಿರಸ್ಕೃತ.' ಗುರುವಾರ ಸಂಜೆ ಲ್ಯಾಬಿನಾಕೆ ಕನ್ನಡಕವನ್ನು ಹಣೆಯಿಂದ ಇಳಿಸಿ, "ಸಾರ್, ಇದಕ್ಕಿಂತ ಕಮ್ಮಿ ಮಾಡಿದ್ರೆ ನೀಲಿಗೆ ತಿರುಗುತ್ತೆ. ನಾನು ಹೇಳೋದು ಹೇಳಿದೀನಿ" ಎಂದಳು. "ತಿರುಗಿದ್ರೆ ನಾನು ನೋಡ್ಕೋತೀನಿ. ಎರಡು ಪ್ರತಿ ಹಾಕಿ!" ಎಂದರು ಇವರು. ಅದೇ ಸಂಜೆ ಹೂವಿನ ಕೊನೆಯ ಎಸಳೂ ಉದುರಿತು. ಹೆಂಡತಿ ಎಸಳುಗಳನ್ನೆಲ್ಲ ಆರಿಸಿ ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು. ಇನ್ನು ಫೋಟೋ ಬಿಟ್ಟರೆ ಆ ಬಣ್ಣ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ.

ಶುಕ್ರವಾರ ದೀಪದ ಕೆಳಗೆ ಬಣ್ಣಪ್ಪನವರು ಎರಡೂ ಪ್ರಿಂಟು ನೋಡಿ ಮೀಸೆ ತಿರುವಿದರು. ಆಹಾ! ಜೇನು! ನೇರಳೆ! ಇದ್ದದ್ದು ಇದ್ದ ಹಾಗೆ! ಅಲ್ಲೇ ಅರ್ಜಿಯಲ್ಲಿ ಸಾಕ್ಷಿಯ ಜಾಗದಲ್ಲಿ ಗೀಚಿ ಸಹಿ ಹಾಕಿದರು. ಪ್ರಿಂಟೂ ಅರ್ಜಿಯೂ ಲಕೋಟೆ ಸೇರಿದವು. ಬಿಸ್ಕತ್ತಿನ ಪೊಟ್ಟಣ ಅಂಟಿಸುವ ಗೋಂದಿನಿಂದ ಲಕೋಟೆಯನ್ನು ಯಾರೂ ಬಿಚ್ಚಲಾರದಂತೆ ಮುಚ್ಚಿದರು. ಮನೆಗೆ ಬಂದು, "ತಗೋ, ನಿನ್ನ ಗುಲಾಬಿ ಗೆದ್ದಿತು. ನಾಳೆ ಹೋಗಿ ಕೊಟ್ಟು ಬಾ" ಎಂದು ರಾಜ್ಯ ಗೆದ್ದವರ ಹಾಗೆ ಹೆಂಡತಿಯ ಕೈಗಿತ್ತರು.

ಶನಿವಾರ ಮಧ್ಯಾಹ್ನ ಮೂರು ಗಂಟೆ. ಅರ್ಧ ದಿನದ ಕೆಲಸ ಮುಗಿಸಿ ಬಂದ ಬಣ್ಣಪ್ಪನವರು ಸೋಫಾದಲ್ಲಿ ಕಾಲು ಚಾಚಿದ್ದರು. ಹೆಂಡತಿ ಸಂಘಕ್ಕೆ ಹೊರಟು ನಿಂತವಳು, ಬಾಗಿಲಲ್ಲಿ ಒಂದು ಕ್ಷಣ ಯೋಚಿಸಿ, ಲಕೋಟೆಯನ್ನು ಪರ್ರನೆ ಹರಿದಳು.

"ಏಯ್, ಏನ್ ಮಾಡ್ತಿದ್ದೀಯ! ಅಂಟಿಸಿದ್ದನ್ನ ಹರಿದ್ಯಾ!"

ಆಕೆ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದಿದ್ದಳು.

"ರೀ. ಇಲ್ಲಿ ಬನ್ನಿ."

ಬಂದರು. ನೋಡಿದರು. ಬಿಸಿಲಿನಲ್ಲಿ ಆ ಹೂವು ಮೆಟ್ಟಿಲಿಂದ ಬಿದ್ದು ಎರಡು ದಿನವಾದ ಮೊಣಕಾಲಿನ ಹಾಗೆ ನೀಲಿಗಟ್ಟಿತ್ತು.

"ಏಳು ವರ್ಷ ಕಣ್ರೀ! ಏಳು ವರ್ಷ!" ಆಕೆಯ ದನಿ ಮೊದಲು ಒಡೆಯಿತು, ಆಮೇಲೆ ಏರಿತು. "ಒಂದು ಸಲ ನನಗೆ ತೋರಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಾನು ಮೂಳೆ ನೋಡೋಳು, ನೀವು ಬಣ್ಣ ನೋಡೋರು! ಇದೇನಾ ನೀವು ನೋಡಿದ ಬಣ್ಣ? ಇದನ್ನ ಕೊಟ್ಟಿದ್ರೆ ಆ ಹಲ್ಲಿನ ಡಾಕ್ಟರು ಕುರ್ಚಿ ಹಿಡ್ಕೊಂಡು ನಗ್ತಿದ್ರು!"

"ಲ್ಯಾಬು!" ಎಂದರು ಬಣ್ಣಪ್ಪನವರು. "ದೀಪದ ಕೆಳಗೆ ಸರಿಯಾಗೇ ಇತ್ತು ಕಣೇ! ಏನೋ ಕೈಚಳಕ ಮಾಡಿದ್ದಾಳೆ! ಆಚೆ ತಂದ ಮೇಲೆ ಬಣ್ಣ ಬದಲಾಗೋ ಕಾಗದ ಹಾಕಿದ್ದಾಳೆ! ನಡಿ, ಇವತ್ತು ಅವಳಿಗೆ ಒಂದು ಗತಿ ಕಾಣಿಸ್ತೀನಿ!"

ಇಬ್ಬರೂ ಬೀದಿಗಿಳಿದರು. ಹೆಂಡತಿ ಗಂಡನ ಮೇಲಿನ ಕೋಪದಲ್ಲಿ, ಗಂಡ ಲ್ಯಾಬಿನ ಮೇಲಿನ ಕೋಪದಲ್ಲಿ, ಅರ್ಧ ಓಟ ಅರ್ಧ ನಡಿಗೆ. ದಾರಿಯಲ್ಲಿ ಒಂದು ನಾಯಿ ಇವರನ್ನು ನೋಡಿ ತಾನೇ ಪಕ್ಕಕ್ಕೆ ಸರಿಯಿತು.

ಲ್ಯಾಬಿನ ಮುಂದೆ ಬಂದಾಗ ಮೂರೂವರೆ. ಬಣ್ಣಪ್ಪನವರು ಕಾಲು ಒಳಗಿಡುವ ಮೊದಲು ಗಾಜಿನ ಕಿಟಕಿಯತ್ತ ಬೆರಳು ತೋರಿಸಿ ನಿಂತುಬಿಟ್ಟರು. ಅಲ್ಲಿ ಒಂದು ಫೋಟೋ ಚೌಕಟ್ಟು ಹಾಕಿಸಿ ಇಟ್ಟಿದ್ದರು.

"ನೋಡು! ನೋಡು ಅನ್ಯಾಯಾನ! ಯಾರೋ ಗಿರಾಕಿಗೆ ಎಂಥಾ ಬಣ್ಣ ಕೊಟ್ಟಿದ್ದಾಳೆ! ಇದು ನೋಡು ಪ್ರಿಂಟು ಅಂದ್ರೆ! ಅವರಿಗೆ ಹೀಗೆ, ನಮಗೆ ಹಾಗೆ! ನಾವೇನು ಪಾಪ ಮಾಡಿದ್ವಿ?"

ಹೆಂಡತಿ ಕಿಟಕಿಗೆ ಮುಖ ಒತ್ತಿ ನೋಡಿದಳು. ಜೇನುತುಪ್ಪ. ಒಂದು ತೊಟ್ಟು ನೇರಳೆ.

"ರೀ" ಎಂದಳು ಮೆಲ್ಲಗೆ. "ಅದು ನಮ್ಮದೇ ಹೂವು."

ಲ್ಯಾಬಿನಾಕೆ ಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಹೋಗಿ ಚೌಕಟ್ಟು ತೆಗೆದು ತಿರುಗಿಸಿ ತೋರಿಸಿದಳು. ಬೆನ್ನಿನ ಮೇಲೆ ಕೆಂಪು ಪೆನ್ನಿನ ಅಕ್ಷರ: 'ಹಳದಿ ಜಾಸ್ತಿ. ತಿರಸ್ಕೃತ.' ಬಣ್ಣಪ್ಪನವರ ಸ್ವಂತ ಕೈಬರಹ.

"ಬುಧವಾರದ್ದು" ಎಂದಳು ಆಕೆ, ಹೆಂಡತಿಯತ್ತ ತಿರುಗಿ. "ದಿನಾ ಬೆಳಿಗ್ಗೆ ನಿಮ್ಮ ಮನೆ ಮುಂದೇನೇ ನಡ್ಕೊಂಡು ಬರೋದು ನಾನು. ಗೋಡೆ ಪಕ್ಕ ಹೂವು ನೋಡ್ತಿದ್ದೆ. ಸೋಮವಾರ ನಿಂತು ನೋಡಿದ್ದೀನಿ, ಮಂಗಳವಾರ ನಿಂತು ನೋಡಿದ್ದೀನಿ. ಅದೇ ಬಣ್ಣ ಬಂದಿತ್ತು ಅಮ್ಮಾ. ಎಸೆಯೋಕೆ ಮನಸ್ಸು ಬರಲಿಲ್ಲ." ಆಮೇಲೆ ಬಣ್ಣಪ್ಪನವರನ್ನು ಕೇಳಿದಳು, "ಸಾರ್, ನೀವು ಪ್ರಿಂಟನ್ನ ಯಾವ ಬೆಳಕಲ್ಲಿ ನೋಡ್ತಿದ್ರಿ?"

"ಕಾರ್ಖಾನೇಲಿ. ನನ್ನ ದೀಪದ ಕೆಳಗೆ."

"ಎಂಥಾ ದೀಪ?"

"ಮೊದಲು ಬಿಳೀ ಟ್ಯೂಬ್‌ಲೈಟಿತ್ತು. ಎಂಟು ತಿಂಗಳ ಹಿಂದೆ ಅದು ಕೆಟ್ಟುಹೋಯ್ತು, ರಿಪೇರಿಯವನು ಯಾವುದೋ ಹಳದಿ ಬಲ್ಬು ಸಿಕ್ಕಿಸಿ ಹೋದ. ಯಾವುದಾದ್ರೇನು? ಬೆಳಕು ಬೆಳಕೇ!"

ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳದಿ ದೀಪದ ಕೆಳಗೆ ಹಿಡಿದರೆ ಎಲ್ಲವೂ ಹಳದಿಯಾಗಿಯೇ ಕಾಣುತ್ತದೆಂದೂ, ಆ ಹಳದಿಯನ್ನು ಇವರು ಮೂರು ದಿನ ಪ್ರಿಂಟಿನೊಳಗಿಂದ ಕೀಳಿಸುತ್ತಿದ್ದರೆಂದೂ ವಿವರಿಸಲು ಹೆಂಡತಿಗೆ ಎರಡು ವಾಕ್ಯ ಸಾಕಾಯಿತು. ಆ ಎರಡು ವಾಕ್ಯಗಳ ಜೊತೆಗೆ ಸೇರಿಸಿದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಬಣ್ಣಪ್ಪನವರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು.

ಲ್ಯಾಬಿನಾಕೆ ಮೆಷಿನ್ನಿನ ಮುಂದೆ ಕೂತು, ಬುಧವಾರದ್ದನ್ನು ಮತ್ತೆ ಎರಡು ಪ್ರತಿ ಹಾಕಿದಳು. ಹೆಂಡತಿ ಬಾಗಿಲ ಬೆಳಕಿನಲ್ಲಿ ಹಿಡಿದು ನೋಡಿ ಕಣ್ಣೊರೆಸಿಕೊಂಡಳು. ಲ್ಯಾಬಿನಾಕೆಯ ಕೈ ಒಮ್ಮೆ ಒತ್ತಿ ಹೊರಟಳು. ಬಣ್ಣಪ್ಪನವರು ಹಿಂದೆ ಹಿಂದೆ ಹೋದರು.

ಸಂಘದ ಕಚೇರಿ ಎರಡು ಬೀದಿ ಆಚೆ, ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ. ಕಿಟಕಿಯ ಪಕ್ಕದ ಮೇಜಿನ ಹಿಂದೆ ಕಾರ್ಯದರ್ಶಿ ಎಂಬ ವೃದ್ಧರು, ಮುಂದೆ ದಪ್ಪ ಪುಸ್ತಕ, ಪಕ್ಕದಲ್ಲಿ ಟೀ, ತಟ್ಟೆಯಲ್ಲಿ ಬಿಸ್ಕತ್ತು. ಆಗ ನಾಲ್ಕೂ ಹತ್ತು.

ಕಾರ್ಯದರ್ಶಿಗಳು ಪ್ರಿಂಟು ಎತ್ತಿ ಕಿಟಕಿಗೆ ಹಿಡಿದರು. ಬಹಳ ಹೊತ್ತು ಇಳಿಸಲೇ ಇಲ್ಲ. "ಇದು... ನಿಜವಾಗ್ಲೂ ಈ ಬಣ್ಣ ಇತ್ತೇನಮ್ಮಾ?" ಎಂದು ಕೇಳಿದರು. ದನಿಯಲ್ಲಿ ಆಸೆಯಿತ್ತು.

"ಇತ್ತು ಸಾರ್."

"ಸಾಕ್ಷಿ ಯಾರು ಹಾಕಿದ್ದಾರೆ?"

"ನಾನು!" ಬಣ್ಣಪ್ಪನವರಿಗೆ ಆಗ ಮತ್ತೆ ಜೀವ ಬಂತು. "ಬಣ್ಣದ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯಿದೆ. ಇಪ್ಪತ್ತೆರಡು ವರ್ಷದಿಂದ ಬಣ್ಣ ನೋಡೋದೇ ನನ್ನ ಉದ್ಯೋಗ. ಬಿಸ್ಕತ್ತಿನ ಕಾರ್ಖಾನೇಲಿ. ನಾನು ಒಪ್ಪದೆ ಒಂದು ಬಿಸ್ಕತ್ತೂ ಹೊರಗೆ ಬರಲ್ಲ!"

ಹೆಂಡತಿ ಅವರ ತೋಳು ಚಿವುಟಿದಳು. ತಡವಾಯಿತು.

"ಹೌದಾ? ಯಾವ ಕಾರ್ಖಾನೆ?" ಕಾರ್ಯದರ್ಶಿಗಳು ಡ್ರಾಯರಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮುಂದಿಟ್ಟರು. "ಇದೇನಾ?"

"ಅದೇ!" ಎಂದರು ಬಣ್ಣಪ್ಪನವರು ಹೆಮ್ಮೆಯಿಂದ.

ಕಾರ್ಯದರ್ಶಿಗಳು ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿ, ಪ್ರಿಂಟು ಹಿಡಿದಿದ್ದ ಜಾಗದಲ್ಲೇ, ಕಿಟಕಿಯ ಬಿಸಿಲಿಗೆ ಹಿಡಿದರು. ಬಿಳಿ! ಕಂದಿನ ಸುಳಿವೇ ಇಲ್ಲ. ಹದಿನಾಲ್ಕು ಛಾಯೆಗಳಲ್ಲಿ ಒಂದಕ್ಕೂ ಸೇರದ, ಈಗತಾನೆ ಕಲಸಿಟ್ಟ ಹಿಟ್ಟಿನ ಬಣ್ಣ. ಎಂಟು ತಿಂಗಳು. ದಿನಕ್ಕೆ ನಲವತ್ತು ಸಾವಿರ ಬಿಸ್ಕತ್ತು. ಬಣ್ಣಪ್ಪನವರಿಗೆ ಲೆಕ್ಕ ಹಾಕಲು ಧೈರ್ಯ ಬರಲಿಲ್ಲ.

"ಇದನ್ನ ಬೆಂದಿದೆ ಅಂತ ಒಪ್ಪಿ ಕಳಿಸಿದವರು ನೀವು" ಎಂದರು ಕಾರ್ಯದರ್ಶಿಗಳು. ಅವರಿಗೂ ಸಿಟ್ಟು ಬಂದಿತ್ತು. "ಇದನ್ನ ತಿಂದು ನನ್ನ ಹೊಟ್ಟೆ ಎಷ್ಟು ದಿನ ಕೆಟ್ಟಿದೆ ಗೊತ್ತಾ? ನಿಮ್ಮ ಸಾಕ್ಷಿ ನಂಬಿ ನಾನು ಪುಸ್ತಕದಲ್ಲಿ ಬರೀಬೇಕಾ? ನಡೆಯಲ್ಲ. ಅಮ್ಮಾ, ಹೂವು ನೋಡಿದವರು ಬೇರೆ ಯಾರಾದ್ರೂ ಇದ್ರೆ ಐದರೊಳಗೆ ಕರ್ಕೊಂಡು ಬನ್ನಿ."

ಹೆಂಡತಿ ಗಂಡನ ಕಡೆ ತಿರುಗಿದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಹೋಗಿ" ಎಂದಳು, ಅಷ್ಟೇ.

ಬಣ್ಣಪ್ಪನವರು ಓಡಿದರು. ಐವತ್ತು ದಾಟಿದ ಮೇಲೆ ಅವರು ಪೂರ್ತಿ ಓಡಿದ್ದು ಅದೇ ಮೊದಲು. ಲ್ಯಾಬಿನ ಕೌಂಟರು ಹಿಡಿದುಕೊಂಡು ಏದುಸಿರು ಬಿಡುತ್ತಾ, "ಅಮ್ಮಾ... ಸಾಕ್ಷಿ... ಸಂಘ... ಐದು ಗಂಟೆ..." ಎಂದರು.

ಆಕೆ ಅರ್ಥ ಮಾಡಿಕೊಂಡಳು. ತಕ್ಷಣ ಏಳಲಿಲ್ಲ.

"ಸಾರ್, ನನಗೆ ನಿಮ್ಮ ಮೇಲೆ ಕೋಪ ಇದೆ" ಎಂದಳು. "ಬಾಯಿ ಮುಚ್ಚಿಕೋ ಅಂದ್ರಿ. ಕೌಂಟರಿನ ಮೇಲೆ ಪ್ರಿಂಟು ಎಸೆದ್ರಿ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಹಾಗೆ ಯಾರೂ ಎಸೆದಿಲ್ಲ."

"ತಪ್ಪಾಯ್ತಮ್ಮಾ." ಬಣ್ಣಪ್ಪನವರು ಈ ಮಾತನ್ನು ಆಡಿದ್ದನ್ನು ಕಂಡವರು ಅದುವರೆಗೆ ಯಾರೂ ಇರಲಿಲ್ಲ. "ನನ್ನದೇ ತಪ್ಪು. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಅವಳು ಏಳು ವರ್ಷ ಕಾದಿದ್ದಾಳೆ."

"ಅದು ಗೊತ್ತು. ಅವರಿಗೋಸ್ಕರ ಬರ್ತೀನಿ. ನಿಮಗೋಸ್ಕರ ಅಲ್ಲ" ಎಂದು ಆಕೆ ಅಂಗಡಿಗೆ ಬೀಗ ಹಾಕಿದಳು.

ಮಹಡಿ ಹತ್ತುವಾಗ ಐದಕ್ಕೆ ಏಳು ನಿಮಿಷ. ಲ್ಯಾಬಿನಾಕೆ ಪ್ರಿಂಟನ್ನು ಇನ್ನೊಮ್ಮೆ ಕಿಟಕಿಯಲ್ಲಿ ಹಿಡಿದು ನೋಡಿ, ಬಣ್ಣಪ್ಪನವರ ಸಹಿಯನ್ನು ಒಂದು ಗೀಟಿನಲ್ಲಿ ಹೊಡೆದು, ಕೆಳಗೆ ತನ್ನದನ್ನು ಹಾಕಿದಳು. ಕಾರ್ಯದರ್ಶಿಗಳು ಪುಸ್ತಕ ತೆರೆದು ಹೆಂಡತಿಯ ಹೆಸರನ್ನು ನಿಧಾನವಾಗಿ, ಅಕ್ಷರ ಅಕ್ಷರವಾಗಿ ಬರೆದರು. ಮುದ್ರೆ ಒತ್ತಿದರು. ಹೆಂಡತಿ ಕುರ್ಚಿಯಲ್ಲಿ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಬಣ್ಣಪ್ಪನವರು ಮಾತ್ರ ಇನ್ನೂ ತಟ್ಟೆಯ ಮುಂದೆಯೇ ನಿಂತಿದ್ದರು. ಆ ಬಿಳಿ ಬಿಸ್ಕತ್ತನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಸಾಧ್ಯವೇ ಇಲ್ಲ" ಎಂದರು ಕೊನೆಗೆ. "ದಿನಾ ಒಂದು ಪೊಟ್ಟಣ ಮನೆಗೆ ತಗೊಂಡು ಹೋಗ್ತೀನಿ ಸಾರ್. ದಿನಾ ಸಂಜೆ ಟೀ ಜೊತೆ ತಿಂತೀನಿ. ಕಿಟಕಿ ಪಕ್ಕಾನೇ ಕೂತು ತಿಂತೀನಿ. ಒಂದು ದಿನಾನೂ ಹೀಗಿರಲಿಲ್ಲ! ಪ್ರತಿಯೊಂದೂ ಏಳನೇ ನಂಬರು, ಹದವಾಗಿ ಬೆಂದದ್ದು!"

ಹೆಂಡತಿ ಮುಖದಿಂದ ಕೈ ತೆಗೆದಳು.

"ಎಂಟು ತಿಂಗಳಿಂದ ಅದನ್ನ ಕಾವಲಿ ಮೇಲೆ ಹಾಕಿ ಇನ್ನೊಂದು ಸಲ ಬೇಯಿಸಿ ಕೊಡ್ತಿರೋಳು ನಾನು ಕಣ್ರೀ!"